ಐಸ್ ಹಾಕಿಯ ನಿಯಮಸಂಹಿತೆ: ನ್ಯಾಯದೃಷ್ಟಿಯಿಂದ ಒಂದು ವಿಮರ್ಶೆ

೧

ಒಂದು ಜನಾಂಗದ ನ್ಯಾಯಕಲ್ಪನೆ ಎಂಥದೆಂದು ತಿಳಿಯಲೆಳಸುವ ಇತಿಹಾಸಕಾರನು ಅದರ ಶಾಸನಗಳನ್ನೂ ಸ್ಮೃತಿಗ್ರಂಥಗಳನ್ನೂ ನ್ಯಾಯಾಲಯಗಳ ಕಡತಗಳನ್ನೂ ಪರಿಶೀಲಿಸುವುದು ವಾಡಿಕೆ. ಆಟದ ನಿಯಮಗಳನ್ನು ಈ ಸಾಲಿಗೆ ಸೇರಿಸುವವರು ವಿರಳ. ಆಟವು ಬಿಡುವಿನ ವೇಳೆಯ ವಿನೋದ, ಅದರ ಕಟ್ಟಳೆಗಳು ಪಂಡಿತರ ವಿವೇಚನೆಗೆ ತಕ್ಕ ವಿಷಯವಲ್ಲ ಎಂಬ ಭಾವನೆ ಇದಕ್ಕೆ ಕಾರಣವಾಗಿರಬೇಕು. ಆದರೆ ಹುಟ್ಟಿದ ಕಾಲ ಖಚಿತವಾಗಿ ತಿಳಿದಿರುವ, ತಿದ್ದುಪಡಿಯ ಒಂದೊಂದು ಹೆಜ್ಜೆಗೂ ದಾಖಲೆಯಿರುವ, ಸಾವಿರಾರು ಸಾಕ್ಷಿಗಳ ಕಣ್ಣೆದುರಿನಲ್ಲಿಯೇ ದಿನದಿನವೂ ಪ್ರಯೋಗಗೊಳ್ಳುವ ಸಂಹಿತೆಗಳು ಎಷ್ಟು ದೊರೆತಾವು? ಆಟದ ನಿಯಮಗ್ರಂಥವು ಅಂಥ ಅಪರೂಪದ ಆಕರ. ಪ್ರಸ್ತುತ ಲೇಖನದಲ್ಲಿ ಐಸ್ ಹಾಕಿಯ ನಿಯಮಗಳನ್ನು ಈ ದೃಷ್ಟಿಯಿಂದ ಪರೀಕ್ಷಿಸಲು ಯತ್ನಿಸಲಾಗಿದೆ.

ಈ ಆಟ ನಮ್ಮ ನಾಡಿನ ವಾಚಕರಲ್ಲಿ ಬಹುಮಂದಿಗೆ ಅಪರಿಚಿತ. ಭಾರತದಲ್ಲಿ ಇದಕ್ಕೆ ನೆಲೆಯಿರುವುದು ಮುಖ್ಯವಾಗಿ ಲಡಾಖಿನಲ್ಲಿ. ೨೦೨೫ರಲ್ಲಿ ಸಂಯುಕ್ತ ಅರಬ್ ಸಂಸ್ಥಾನದ ಅಲ್ ಐನ್ ನಗರದಲ್ಲಿ ನಡೆದ ಏಷ್ಯಾ ಕಪ್ ಪಂದ್ಯಾವಳಿಯಲ್ಲಿ ಭಾರತದ ಮಹಿಳಾ ತಂಡವು ಕಂಚಿನ ಪದಕ ಪಡೆದಾಗ ಪತ್ರಿಕೆಗಳು ಒಂದೆರಡು ದಿನ ಇದರ ಹೆಸರೆತ್ತಿದುವು. ಆದಕಾರಣ ಆಟದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವುದು ಯುಕ್ತ. ಹೆಪ್ಪುಗಟ್ಟಿದ ನೀರಿನ ಅಂಗಳ. ಅದರ ಸುತ್ತ ಹಲಗೆಯ ಗೋಡೆ. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗಿನಲ್ಲಿ ಈ ಅಂಗಳ ೨೦೦ ಅಡಿ ಉದ್ದ, ೮೫ ಅಡಿ ಅಗಲ. ಒಂದೊಂದು ಪಕ್ಷದಲ್ಲಿ ಗೋಲ್‌ಕೀಪರನೂ ಸೇರಿ ಆರು ಮಂದಿ; ಅವರ ಪಾದರಕ್ಷೆಗಳಿಗೆ ಉಕ್ಕಿನ ಅಲಗು. ಚೆಂಡಿನ ಬದಲು ಮೂರು ಅಂಗುಲ ವ್ಯಾಸದ, ಒಂದು ಅಂಗುಲ ದಪ್ಪದ, ಪಕ್ ಎಂದು ಕರೆಯಲ್ಪಡುವ ರಬ್ಬರಿನ ಬಿಲ್ಲೆ. ಇಪ್ಪತ್ತು ನಿಮಿಷಗಳ ಮೂರು ಅವಧಿಗಳು. ಎದುರಾಳಿಯ ಗೋಲಿನೊಳಗೆ ಬಿಲ್ಲೆಯನ್ನು ಹೆಚ್ಚು ಬಾರಿ ಸೇರಿಸಿದವರಿಗೆ ಜಯ. ಮೈಗೆ ಮೈ ತಾಗಿಸಿ ಎದುರಾಳಿಯನ್ನು ಬಿಲ್ಲೆಯಿಂದ ಬೇರ್ಪಡಿಸುವುದು ಪುರುಷರ ಆಟದಲ್ಲಿ ಶಾಸ್ತ್ರಸಮ್ಮತ. ನಮಗೆ ಪರಿಚಿತವಾದ ಹುಲ್ಲಿನ ಮೈದಾನದ ಹಾಕಿಗಿಂತ ಇದು ಬೇರೆಯಾಗುವುದು ಮುಖ್ಯವಾಗಿ ಇಲ್ಲಿಯೇ. ಬಲಪ್ರಯೋಗಕ್ಕೆ ಅನುಮತಿಯಿತ್ತು, ಅನಂತರ ಅದರ ಎಲ್ಲೆಯನ್ನು ಗುರುತಿಸುವ ಹೊರೆಯನ್ನು ಈ ಸಂಹಿತೆ ಹೊತ್ತುಕೊಂಡಿದೆ.

ಈ ಹೊರೆಯನ್ನು ಅದು ಹೇಗೆ ನಿರ್ವಹಿಸಿದೆ? ನಮ್ಮ ಅಭಿಪ್ರಾಯವನ್ನು ಮೊದಲೇ ಸೂಚಿಸಬಹುದು. ಬರಹದ ಮಟ್ಟಿಗೆ ಈ ಸಂಹಿತೆ ಜಾಣತನದ ರಚನೆ. ವಂಚನೆಯನ್ನು ಗುರುತಿಸಿ ತನ್ನನ್ನು ತಿದ್ದಿಕೊಳ್ಳುವುದರಲ್ಲಿ ಅದು ಸಮರ್ಥ. ಅದರ ಕೊರತೆಯಿರುವುದು ಪ್ರಯೋಗದಲ್ಲಿ. ಪಂದ್ಯದ ಬೆಲೆ ಏರಿದಂತೆ ನಿಯಮದ ತೂಕ ಇಳಿಯುವುದು ಇಲ್ಲಿ ಬಹುಕಾಲದಿಂದ ಬಂದ ರೂಢಿ. ಮುಂದೆ ಪರಿಶೀಲಿಸುವ ದಂಡನೆ, ಗೋಲಿನ ನಿರ್ಣಯ, ಸಮಬಲದ ಪರಿಹಾರ ಎಂಬ ಮೂರು ಪ್ರಕರಣಗಳೂ ಈ ಒಂದು ಮಾತನ್ನೇ ಬೇರೆಬೇರೆ ರೀತಿಯಲ್ಲಿ ಸಮರ್ಥಿಸುತ್ತವೆ.

೨

ಒಳಾಂಗಣದಲ್ಲಿ ಸಾರ್ವಜನಿಕರ ಎದುರು ವ್ಯವಸ್ಥಿತವಾಗಿ ನಡೆದ ಮೊದಲ ಐಸ್ ಹಾಕಿ ಪಂದ್ಯವೆಂದು ಹೆಸರಾದುದು ೧೮೭೫ರ ಮಾರ್ಚ್ ೩ರಂದು ಕೆನಡಾದ ಮಾಂಟ್ರಿಯಲ್ ನಗರದ ವಿಕ್ಟೋರಿಯಾ ಸ್ಕೇಟಿಂಗ್ ರಿಂಕಿನಲ್ಲಿ ಜರುಗಿತು. ಒಂದೊಂದು ಪಕ್ಷದಲ್ಲಿ ಒಂಬತ್ತು ಮಂದಿಯಿದ್ದರು. ಎರಡು ವರ್ಷಗಳ ಬಳಿಕ, ೧೮೭೭ರಲ್ಲಿ, ಅದೇ ನಗರದ ಗೆಜೆಟ್ ಪತ್ರಿಕೆ ಈ ಆಟದ ಏಳು ನಿಯಮಗಳನ್ನು ಅಚ್ಚುಮಾಡಿತು. ಅವು ಬಹುಮಟ್ಟಿಗೆ ಇಂಗ್ಲೆಂಡಿನ ಹುಲ್ಲುಹಾಕಿಯ ನಿಯಮಗಳಿಂದ ಎತ್ತಿಕೊಂಡವು. ಎಂದರೆ ಕೊಡಗಿನ ಮೈದಾನಗಳಲ್ಲಿ ಆಡುವ ಹಾಕಿಗೂ ಮಾಂಟ್ರಿಯಲಿನ ಹಿಮದಂಗಳದ ಹಾಕಿಗೂ ಮೂಲಪಾಠ ಒಂದೇ ಮನೆತನದ್ದು. ಈ ಏಳು ನಿಯಮಗಳು ಬೆಳೆದು ನೂರಾರು ಪುಟಗಳ ಗ್ರಂಥವಾದ ಕಥೆಯೇ ಈ ಆಟದ ಚರಿತ್ರೆಯೆಂದರೂ ಸಲ್ಲುತ್ತದೆ.

ಈ ಬೆಳವಣಿಗೆಯಲ್ಲಿ ಒಂದು ಕ್ರಮವನ್ನು ಗುರುತಿಸಬಹುದು. ನಿಯಮವೊಂದು ಜಾರಿಗೆ ಬರುತ್ತದೆ, ಚತುರರು ಅದರಲ್ಲಿ ಸಂದು ಹುಡುಕುತ್ತಾರೆ, ಆಟ ಕೆಡುತ್ತದೆ, ಸಂದನ್ನು ಮುಚ್ಚಲು ಹೊಸ ನಿಯಮ ಬರುತ್ತದೆ. ೧೯೨೮–೨೯ರ ಋತುವಿನಲ್ಲಿ ಬಿಲ್ಲೆಯನ್ನು ಮುಂದಕ್ಕೆ ದಾಟಿಸಲು ಬಹಳ ನಿರ್ಬಂಧವಿದ್ದುದರಿಂದ ಗೋಲುಗಳೇ ಅಪರೂಪವಾದುವು. ಮಾಂಟ್ರಿಯಲ್ ತಂಡದ ಗೋಲ್‌ಕೀಪರ್ ಜಾರ್ಜ್ ಹೇನ್ಸ್‌ವರ್ತ್ ೪೪ ಪಂದ್ಯಗಳ ಪೈಕಿ ೨೨ರಲ್ಲಿ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಮರುವರ್ಷ ಆ ನಿರ್ಬಂಧವನ್ನು ತೆಗೆದುಹಾಕಲಾಯಿತು. ಕೂಡಲೇ ಆಟಗಾರರು ಎದುರಾಳಿಯ ಗೋಲಿನ ಮುಂದೆ ಹೋಗಿ ನಿಂತು ಬಿಲ್ಲೆಗಾಗಿ ಕಾಯತೊಡಗಿದರು. ಬಿಲ್ಲೆಗಿಂತ ಮೊದಲು ಯಾರೂ ಆಕ್ರಮಣದ ವಲಯವನ್ನು ಪ್ರವೇಶಿಸಕೂಡದೆಂಬ ಆಫ್‌ಸೈಡ್ ಕಟ್ಟಳೆಯನ್ನು ಋತುವಿನ ಮಧ್ಯದಲ್ಲಿಯೇ, ೧೯೨೯ರ ಡಿಸೆಂಬರಿನಲ್ಲಿ, ತರಬೇಕಾಯಿತು. ಮುನ್ನಡೆ ಪಡೆದ ತಂಡವು ಬಿಲ್ಲೆಯನ್ನು ಅಂಗಳದ ಆ ತುದಿಗೆ ಹೊಡೆದು ಹೊತ್ತು ಕಳೆಯುವ ಉಪಾಯವನ್ನು ತಡೆಯಲು ೧೯೩೭ರಲ್ಲಿ ಐಸಿಂಗ್ ನಿಯಮ ಬಂದಿತು.

ಈ ಪ್ರಕ್ರಿಯೆಯನ್ನು ನ್ಯಾಯಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ನಿಯಮದ ಅಕ್ಷರವು ನಿಯಮದ ಉದ್ದೇಶವನ್ನು ಹಿಂಬಾಲಿಸುತ್ತಿದೆ. ಸಂಹಿತೆಯ ಜೀವಂತಿಕೆಗೆ ಇದೇ ಸಾಕ್ಷಿ. ಶಾಸಕರ ವಿಷಯದಲ್ಲಿ ನಮ್ಮ ಆಕ್ಷೇಪಣೆ ಅಲ್ಪ.

೩

ದಂಡನೆಯ ಪ್ರಕರಣಕ್ಕೆ ಬರೋಣ. ಐಸ್ ಹಾಕಿಯ ಅತ್ಯಂತ ಸ್ವಂತವಾದ ಕಲ್ಪನೆ ಪೆನಾಲ್ಟಿ ಬಾಕ್ಸ್. ತಪ್ಪು ಮಾಡಿದವನು ಅಂಗಳದಿಂದ ಹೊರನಡೆದು ಗೊತ್ತಾದ ಸ್ಥಳದಲ್ಲಿ ಕುಳಿತಿರಬೇಕು. ಸಣ್ಣ ಅಪರಾಧಕ್ಕೆ ಎರಡು ನಿಮಿಷ, ದೊಡ್ಡದಕ್ಕೆ ಐದು ನಿಮಿಷ. ಆ ಹೊತ್ತಿನವರೆಗೆ ಅವನ ಪಕ್ಷ ಒಬ್ಬನ ಕೊರತೆಯಿಂದ ಆಡಬೇಕು. ದಂಡವನ್ನು ಹಣದಲ್ಲಾಗಲಿ ಅಂಕಗಳಲ್ಲಾಗಲಿ ಕೊಡದೆ ಕಾಲದ ರೂಪದಲ್ಲಿ ಕೊಡಿಸುವ ಈ ಏರ್ಪಾಡು ಮೆಚ್ಚತಕ್ಕುದು. ಅಪರಾಧ ನಡೆದ ಕೂಡಲೇ ಶಿಕ್ಷೆ ಆರಂಭವಾಗುತ್ತದೆ, ಎಲ್ಲರ ಕಣ್ಣೆದುರಿಗೆ ನಡೆಯುತ್ತದೆ, ಮುಗಿದೊಡನೆ ಅಪರಾಧಿ ಮತ್ತೆ ತನ್ನವರನ್ನು ಕೂಡಿಕೊಳ್ಳುತ್ತಾನೆ. ಅನ್ಯಾಯಕ್ಕೊಳಗಾದ ತಂಡಕ್ಕೆ ದೊರೆಯುವುದು ಗೋಲಲ್ಲ, ಗೋಲು ಗಳಿಸುವ ಅವಕಾಶ. ಅದನ್ನು ಅವರು ತಮ್ಮ ಕೌಶಲದಿಂದ ಸಾರ್ಥಕಗೊಳಿಸಿಕೊಳ್ಳಬೇಕು. ತಪ್ಪು ಮಾಡಿದ ತಂಡದ ವಶಕ್ಕೆ ಬಿಲ್ಲೆ ಬರುವವರೆಗೆ ಆಟವನ್ನು ನಿಲ್ಲಿಸದಿರುವ ಪದ್ಧತಿಯೂ ಇದೇ ವಿವೇಕದಿಂದ ಹುಟ್ಟಿದ್ದು. ಇಲ್ಲದಿದ್ದರೆ ಅಪರಾಧಿಯೇ ತನ್ನ ಅಪರಾಧದಿಂದ ಎದುರಾಳಿಯ ದಾಳಿಯನ್ನು ನಿಲ್ಲಿಸಿ ಲಾಭ ಪಡೆದಂತಾಗುತ್ತಿತ್ತು.

ದಂಡದ ಪ್ರಮಾಣದ ಬಗೆಗೂ ಸಂಹಿತೆ ಆಲೋಚಿಸಿದೆ. ೧೯೫೫ರ ನವೆಂಬರ್ ೫ರಂದು ಮಾಂಟ್ರಿಯಲ್ ತಂಡದ ಜಾನ್ ಬೆಲಿವೊ ಬಾಸ್ಟನ್ನಿನ ವಿರುದ್ಧ ಎದುರಾಳಿಗಳು ದಂಡ ಅನುಭವಿಸುತ್ತಿದ್ದಾಗ ೪೪ ಸೆಕೆಂಡುಗಳಲ್ಲಿ ಮೂರು ಗೋಲು ಹೊಡೆದರು. ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಬೆಲೆ ತಕ್ಕುದಲ್ಲವೆಂದು ಲೀಗು ನಿಶ್ಚಯಿಸಿತು. ಒಂದು ಗೋಲು ಆದೊಡನೆ ಎರಡು ನಿಮಿಷದ ದಂಡ ಮುಗಿಯತಕ್ಕದ್ದೆಂದು ೧೯೫೬–೫೭ರಿಂದ ನಿಯಮ ಬದಲಾಯಿತು. ೨೦೨೪ರ ಜನವರಿಯಲ್ಲಿ ಆಟ ಆರಂಭಿಸಿದ ಮಹಿಳೆಯರ ವೃತ್ತಿಪರ ಲೀಗು ಇದಕ್ಕೆ ಇನ್ನೊಂದು ತಿರುವು ಕೊಟ್ಟಿದೆ: ಒಬ್ಬರ ಕೊರತೆಯಿಂದ ಆಡುತ್ತಿರುವ ತಂಡವೇ ಗೋಲು ಗಳಿಸಿದರೆ ಅದರ ಆಟಗಾರ್ತಿಗೆ ಆಗಲೇ ಬಿಡುಗಡೆ.

ಆದರೆ ಇಲ್ಲಿಯೇ ಒಂದು ವಿಚಿತ್ರವಾದ ಅಸಂಗತಿಯೂ ಇದೆ. ಮೇಲೆ ಹೇಳಿದ ಐಸಿಂಗ್ ನಿಯಮವು ದಂಡ ಅನುಭವಿಸುತ್ತಿರುವ ತಂಡಕ್ಕೆ ಅನ್ವಯಿಸುವುದಿಲ್ಲ. ನಿರಪರಾಧಿಗೆ ನಿಷಿದ್ಧವಾದ ಸೌಕರ್ಯವನ್ನು ಅಪರಾಧಿಗೆ ಕೊಡುವ ಈ ವಿನಾಯಿತಿಯನ್ನು ಕರುಣೆಯೆಂದು ಸಮರ್ಥಿಸಬಹುದಾದರೂ ನ್ಯಾಯವೆಂದು ಸಮರ್ಥಿಸುವುದು ಕಷ್ಟ. ಅಮೆರಿಕದ ಹಾಕಿ ಸಂಸ್ಥೆಯು ೨೦೧೭ರಲ್ಲಿ ಹದಿನಾಲ್ಕು ವರ್ಷ ಮತ್ತು ಅದಕ್ಕೂ ಕೆಳಗಿನ ಮಕ್ಕಳ ಆಟದಲ್ಲಿ ಈ ವಿನಾಯಿತಿಯನ್ನು ರದ್ದುಪಡಿಸಿದ್ದು ಸರಿಯಾದ ಹೆಜ್ಜೆ. ದೊಡ್ಡವರ ಆಟದಲ್ಲಿ ಅದಿನ್ನೂ ಉಳಿದಿದೆ.

ಕಾಲವನ್ನೇ ದಂಡವಾಗಿ ವಿಧಿಸುವ ಪದ್ಧತಿಯ ನಿಜವಾದ ಮಿತಿ ಕಾಣುವುದು ಗಾಯದ ಪ್ರಸಂಗದಲ್ಲಿ. ೧೯೭೨ರ ಸೆಪ್ಟೆಂಬರಿನಲ್ಲಿ ಕೆನಡಾ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ನಡೆದ ಎಂಟು ಪಂದ್ಯಗಳ ಸರಣಿಯ ಆರನೆಯ ಪಂದ್ಯದಲ್ಲಿ ಕೆನಡಾದ ಬಾಬಿ ಕ್ಲಾರ್ಕ್ ಸೋವಿಯತ್ ತಂಡದ ಅತ್ಯುತ್ತಮ ಆಟಗಾರರಲ್ಲೊಬ್ಬರಾದ ವಲೇರಿ ಖಾರ್ಲಾಮೊವ್ ಅವರ ಕಣಕಾಲಿಗೆ ಕೋಲಿನಿಂದ ಬಲವಾಗಿ ಹೊಡೆದರು. ಕ್ಲಾರ್ಕ್ ತೆತ್ತದ್ದು ಕೆಲವು ನಿಮಿಷಗಳ ದಂಡ. ಖಾರ್ಲಾಮೊವ್ ಏಳನೆಯ ಪಂದ್ಯವನ್ನು ಆಡಲಾಗಲಿಲ್ಲ. ಎಂಟನೆಯದನ್ನು ನೋವಿನಲ್ಲಿಯೇ ಆಡಿದರು. ಆ ಎರಡು ಪಂದ್ಯಗಳನ್ನೂ ಕೆನಡಾ ಒಂದೊಂದೇ ಗೋಲಿನ ಅಂತರದಿಂದ ಗೆದ್ದು ಸರಣಿಯನ್ನು ತನ್ನದಾಗಿಸಿಕೊಂಡಿತು. ಏಳನೆಯ ಶತಮಾನದ ಆರಂಭದಲ್ಲಿ ಕೆಂಟ್ ರಾಜ್ಯದ ಅರಸ ಎಥೆಲ್‌ಬರ್ಟನು ಕೈಬೆರಳು, ಕಾಲ್ಬೆರಳು, ಹಲ್ಲು ಒಂದೊಂದಕ್ಕೂ ಪರಿಹಾರದ ದರ ನಿಗದಿಮಾಡಿದ್ದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಆ ಪುರಾತನ ಪಟ್ಟಿ ಎಷ್ಟೇ ಒರಟಾಗಿದ್ದರೂ ಪೆಟ್ಟು ತಿಂದವನ ನಷ್ಟವನ್ನು ಅಳೆಯುತ್ತಿತ್ತು. ಹಾಕಿಯ ಪಟ್ಟಿ ಅಳೆಯುವುದು ಪೆಟ್ಟು ಕೊಟ್ಟವನ ಕ್ರಿಯೆಯನ್ನು. ಗಾಯವಾದಲ್ಲಿ ದಂಡವನ್ನು ಏರಿಸುವ ವಿಧಿಗಳು ಇದ್ದರೂ ಕಳೆದುಕೊಂಡ ಪಂದ್ಯವನ್ನು ಅವು ಮರಳಿಸಲಾರವು.

೪

ಸಾರ್ವಜನಿಕ ನ್ಯಾಯ ತನ್ನ ನಷ್ಟವನ್ನು ತುಂಬಿಕೊಡಲಾರದೆಂದು ತೋರಿದಲ್ಲಿ ಖಾಸಗಿ ಪ್ರತೀಕಾರ ತಲೆಯೆತ್ತುವುದು ಚರಿತ್ರೆಯುದ್ದಕ್ಕೂ ಕಂಡುಬರುವ ಸಂಗತಿ. ಐಸ್ ಹಾಕಿಯಲ್ಲಿ ಅದು ಮುಷ್ಟಿಯುದ್ಧದ ರೂಪ ತಾಳಿತು. ನ್ಯಾಷನಲ್ ಹಾಕಿ ಲೀಗಿನಲ್ಲಿ ಕೈಗವಸು ಕಳಚಿ ಹೊಡೆದಾಡಿದವರಿಗೆ ಐದು ನಿಮಿಷದ ದಂಡ. ಅನಂತರ ಅವರು ಮತ್ತೆ ಆಡಬಹುದು. ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ನಿಯಮಗಳಾದರೋ ಹೊಡೆದಾಡಿದವರನ್ನು ಪಂದ್ಯದಿಂದಲೇ ಹೊರಹಾಕಲು ಅವಕಾಶ ಮಾಡಿಕೊಟ್ಟಿವೆ. ಲೀಗಿನ ರೂಢಿಯನ್ನು ಸಮರ್ಥಿಸುವವರ ವಾದ ಹೀಗಿದೆ: ತೀರ್ಪುಗಾರರ ಕಣ್ಣು ಎಲ್ಲವನ್ನೂ ಕಾಣದು, ಕಳ್ಳಪೆಟ್ಟು ಕೊಟ್ಟವನಿಗೆ ಎದುರು ಪಕ್ಷದ ಬಲಶಾಲಿಯ ಹೆದರಿಕೆಯಿದ್ದರೆ ಅವನು ಅಂಕೆಯಲ್ಲಿರುತ್ತಾನೆ, ಆದ್ದರಿಂದ ಆಟಗಾರರೇ ಆಟವನ್ನು ಕಾಯುತ್ತಾರೆ.

ಈ ವಾದವನ್ನು ಲಘುವಾಗಿ ತಳ್ಳಿಹಾಕಲಾಗದು. ಬಲವಾದ ಪ್ರಭುತ್ವವಿಲ್ಲದ ಸಮಾಜಗಳಲ್ಲಿ ಪ್ರತೀಕಾರದ ಭಯವೇ ಶಾಂತಿಯನ್ನು ಕಾಪಾಡಿದ ನಿದರ್ಶನಗಳಿವೆ. ಆದರೆ ಅದರ ಪರಿಣಾಮವನ್ನು ೨೦೦೪ರ ಘಟನೆಯಲ್ಲಿ ನೋಡಬಹುದು. ಫೆಬ್ರವರಿ ೧೬ರಂದು ಕೊಲೊರಾಡೊ ತಂಡದ ಸ್ಟೀವ್ ಮೂರ್ ವ್ಯಾಂಕೂವರ್ ತಂಡದ ನಾಯಕ ಮಾರ್ಕುಸ್ ನೆಸ್ಲುಂಡ್ ಅವರಿಗೆ ಡಿಕ್ಕಿ ಹೊಡೆದರು, ನಾಯಕ ಗಾಯಗೊಂಡರು. ತೀರ್ಪುಗಾರರು ದಂಡ ವಿಧಿಸಲಿಲ್ಲ. ಲೀಗೂ ಪರಿಶೀಲಿಸಿ ಅದು ನಿಯಮಬದ್ಧವೆಂದಿತು. ವ್ಯಾಂಕೂವರಿನವರು ಈ ತೀರ್ಪನ್ನು ಮನಸಾ ಒಪ್ಪಲಿಲ್ಲ. ಮಾರ್ಚ್ ೮ರಂದು ಅವೇ ತಂಡಗಳು ಮತ್ತೆ ಎದುರಾದಾಗ ವ್ಯಾಂಕೂವರಿನ ಟಾಡ್ ಬರ್ಟೂಜಿ ಮೂರ್ ಅವರನ್ನು ಹಿಂದಿನಿಂದ ಹೊಡೆದು ಹಿಮದ ಮೇಲೆ ಕೆಡವಿದರು. ಮೂರ್ ಅವರ ಕತ್ತಿನ ಮೂಳೆ ಮುರಿಯಿತು. ಅವರು ಆ ಲೀಗಿನಲ್ಲಿ ಮತ್ತೆಂದೂ ಆಡಲಿಲ್ಲ. ಬರ್ಟೂಜಿಯನ್ನು ಲೀಗು ಅಮಾನತುಗೊಳಿಸಿತು. ಅದೇ ಡಿಸೆಂಬರಿನಲ್ಲಿ ಅವರು ಕೆನಡಾದ ನ್ಯಾಯಾಲಯದಲ್ಲಿ ಹಲ್ಲೆಯ ಅಪರಾಧವನ್ನು ಒಪ್ಪಿಕೊಂಡರು. ಮೂರ್ ಹೂಡಿದ ಪರಿಹಾರದ ದಾವೆ ೨೦೧೪ರಲ್ಲಿ ರಾಜಿಯಲ್ಲಿ ಮುಗಿಯಿತು. ಆಟಗಾರರೇ ಆಟವನ್ನು ಕಾಯುತ್ತಾರೆಂಬ ವಾದವು ಇಲ್ಲಿ ಪರೀಕ್ಷೆಗೊಳಗಾಗಿ ಸೋತಿತು. ಕಾವಲಿನ ಹೆಸರಿನಲ್ಲಿ ನಡೆದ ಕೃತ್ಯಕ್ಕೆ ಕೊನೆಗೆ ದೇಶದ ಕಾನೂನೇ ಕಾವಲು ನಿಲ್ಲಬೇಕಾಯಿತು.

ಹಾಗಾದರೆ ತೀರ್ಪುಗಾರರು ಬಿಗಿಯಾಗಿದ್ದರೆ ಏನಾಗುತ್ತದೆ? ಇದಕ್ಕೆ ಉತ್ತರ ೨೦೦೫ರಲ್ಲಿ ದೊರೆಯಿತು. ಆ ವರ್ಷದ ಸುಧಾರಣೆಯ ಪ್ರೇರಣೆ ಮೇಲಿನ ಘಟನೆಯಲ್ಲ, ಗೋಲುಗಳ ಕೊರತೆ. ಆದರೂ ನಮ್ಮ ಪ್ರಶ್ನೆಗೆ ಅದು ಪ್ರಸ್ತುತ. ಎದುರಾಳಿಗೆ ಕೋಲನ್ನು ಕೊಕ್ಕೆಯಾಗಿ ಸಿಕ್ಕಿಸುವುದು, ಹಿಡಿದೆಳೆಯುವುದು, ಬಿಲ್ಲೆಯಿಲ್ಲದವನನ್ನು ಅಡ್ಡಗಟ್ಟುವುದು, ಇವೆಲ್ಲ ಮೊದಲಿನಿಂದಲೂ ಗ್ರಂಥದಲ್ಲಿ ನಿಷಿದ್ಧವೇ. ಹೊಸತಾದದ್ದು ಬರಹವಲ್ಲ, ಬರೆದದ್ದನ್ನು ಜಾರಿಗೆ ತರುವ ನಿರ್ಧಾರ. ೨೦೦೩–೦೪ರಲ್ಲಿ ಪಂದ್ಯವೊಂದಕ್ಕೆ ಸರಾಸರಿ ಐದರ ಆಸುಪಾಸಿನಲ್ಲಿದ್ದ ಗೋಲುಗಳು ೨೦೦೫–೦೬ರಲ್ಲಿ ಆರರ ಆಸುಪಾಸಿಗೆ ಏರಿದುವು. ಒಂದೊಂದು ತಂಡಕ್ಕೆ ಪಂದ್ಯಕ್ಕೆ ಸರಾಸರಿ ಆರರಷ್ಟು ಪವರ್ ಪ್ಲೇ ಅವಕಾಶಗಳು ದೊರೆತುವು. ಆದರೆ ಹತ್ತು ವರ್ಷಗಳೊಳಗೆ ಈ ಸಂಖ್ಯೆ ಮೂರರ ಹತ್ತಿರಕ್ಕೆ ಇಳಿಯಿತು. ಆಟಗಾರರು ಕಲಿತರೆಂಬುದು ಇದರ ಒಂದು ವ್ಯಾಖ್ಯಾನ. ತೀರ್ಪುಗಾರರು ಮತ್ತೆ ಸಡಿಲಗೊಂಡರೆಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿರಬೇಕು. ಎರಡನೆಯದನ್ನು ಅಲ್ಲಗಳೆಯಲಾಗದಂತೆ ಮಾಡಿದ ಪ್ರಸಂಗವೊಂದು ೨೦೨೧ರ ಮಾರ್ಚ್ ೨೩ರಂದು ನಡೆಯಿತು. ನ್ಯಾಶ್‌ವಿಲ್ ಮತ್ತು ಡೆಟ್ರಾಯಿಟ್ ತಂಡಗಳ ಪಂದ್ಯದಲ್ಲಿ ದಂಡವೊಂದನ್ನು ವಿಧಿಸಿದ ಹಿರಿಯ ತೀರ್ಪುಗಾರರು, ನಡೆದದ್ದು ಅಂಥ ದೊಡ್ಡ ತಪ್ಪಲ್ಲವಾದರೂ ನ್ಯಾಶ್‌ವಿಲ್‌ಗೆ ಬೇಗನೆ ಒಂದು ದಂಡ ಕೊಡಬೇಕೆಂದು ತಮಗಿತ್ತೆಂಬ ಅರ್ಥದ ಮಾತನ್ನಾಡಿದ್ದು ತೆರೆದಿದ್ದ ಧ್ವನಿಗ್ರಾಹಕದ ಮೂಲಕ ಪ್ರೇಕ್ಷಕರಿಗೆ ಕೇಳಿಸಿತು. ಮರುದಿನವೇ ಲೀಗು ಅವರನ್ನು ಕೆಲಸದಿಂದ ದೂರವಿರಿಸಿತು.

ವ್ಯಕ್ತಿಯನ್ನು ತೆಗೆದುಹಾಕಿದ್ದರಿಂದ ರೂಢಿ ಹೋಗುವುದಿಲ್ಲ. ಎರಡು ಪಕ್ಷಗಳಿಗೂ ದಂಡಗಳನ್ನು ಸರಿದೂಗಿಸುವ ಪ್ರವೃತ್ತಿಯನ್ನೂ, ಅಂತರ ಕಡಿಮೆಯಿರುವ ಪಂದ್ಯದ ಕೊನೆಯ ಹೊತ್ತಿನಲ್ಲಿ ಸೀಟಿ ಊದಲು ಹಿಂಜರಿಯುವ ಪ್ರವೃತ್ತಿಯನ್ನೂ ಸಂಖ್ಯಾಶಾಸ್ತ್ರಜ್ಞರು ಲೆಕ್ಕಹಾಕಿ ತೋರಿಸಿದ್ದಾರೆ. ಪಂದ್ಯವನ್ನು ಆಟಗಾರರೇ ನಿರ್ಣಯಿಸಲಿ, ತೀರ್ಪುಗಾರನಲ್ಲ ಎಂಬುದು ಇದರ ಸಮರ್ಥನೆ. ಮೇಲುನೋಟಕ್ಕೆ ವಿನಯದಂತೆ ತೋರುವ ಈ ಮಾತು ಪರಿಶೀಲನೆಯಲ್ಲಿ ನಿಲ್ಲದು. ಊದದ ಸೀಟಿಯೂ ಒಂದು ತೀರ್ಪೇ. ಓಡುತ್ತಿರುವವನನ್ನು ಕೊಕ್ಕೆ ಹಾಕಿ ಎಳೆದಾಗ ಸುಮ್ಮನಿರುವ ತೀರ್ಪುಗಾರನು ಎಳೆದವನ ಪರವಾಗಿ ತೀರ್ಪಿತ್ತಂತಾಯಿತು. ಎರಡು ಕಡೆಗೂ ಸಮಸಂಖ್ಯೆಯ ದಂಡ ಹಂಚುವುದಂತೂ ಸಮಾನತೆಯೇ ಹೊರತು ನ್ಯಾಯವಲ್ಲ. ಹೆಚ್ಚು ತಪ್ಪು ಮಾಡಿದವನಿಗೂ ಕಡಮೆ ತಪ್ಪು ಮಾಡಿದವನಿಗೂ ಅದು ಒಂದೇ ಕೂಲಿ ಕೊಡುತ್ತದೆ.

೫

ಎರಡನೆಯ ಪ್ರಕರಣ ಗೋಲಿನ ನಿರ್ಣಯ. ಗೋಲು ಆಯಿತೋ ಇಲ್ಲವೋ ಎಂಬುದು ಸರಳವಾದ ಪ್ರಶ್ನೆಯಂತೆ ಕಂಡರೂ ಬಿಲ್ಲೆಯ ವೇಗವೂ ಗಾತ್ರವೂ ಅದನ್ನು ಜಟಿಲಗೊಳಿಸಿವೆ. ಆರಂಭಕಾಲದಲ್ಲಿ ಎರಡು ಕಂಬಗಳ ಹಿಂದೆ ಹಿಮದ ಮೇಲೆಯೇ ಒಬ್ಬ ಮಧ್ಯಸ್ಥ ನಿಂತಿರುತ್ತಿದ್ದನು. ಹತ್ತೊಂಬತ್ತನೆಯ ಶತಮಾನ ಮುಗಿಯುವ ವೇಳೆಗೆ ಬಲೆ ಬಂದಿತು. ಅನಂತರ ಗೋಲು ನಿರ್ಣಾಯಕನು ಹೊತ್ತಿಸುವ ಕೆಂಪು ದೀಪ ಬಂದಿತು. ೧೯೭೨ರ ಸರಣಿಯ ಕೊನೆಯ ಪಂದ್ಯದಲ್ಲಿ, ಮಾಸ್ಕೋ ನಗರದಲ್ಲಿ, ಕೆನಡಾದ ಇವಾನ್ ಕೂರ್ನೊಯೆ ಅಂಕವನ್ನು ೫–೫ಕ್ಕೆ ಸರಿಗೂಡಿಸಿದಾಗ ಆ ದೀಪ ಹೊತ್ತಲಿಲ್ಲ. ತೀರ್ಪುಗಾರರು ಗೋಲನ್ನು ಮನ್ನಿಸಿದರಾದರೂ ಅಂಗಳದ ಬದಿಯಲ್ಲಿ ದೊಡ್ಡ ಗದ್ದಲವೇ ಎದ್ದಿತು. ಮನುಷ್ಯನ ಕೈ ಒತ್ತಬೇಕಾದ ದೀಪದ ಮೇಲೆ ಪರಪಕ್ಷದವರಿಗೆ ನಂಬಿಕೆಯಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಇದು ನಿದರ್ಶನ.

ಯಂತ್ರದ ಕಣ್ಣು ಈ ಅಪನಂಬಿಕೆಯನ್ನು ಕಳೆಯುತ್ತದೆಂದು ಭಾವಿಸಲಾಗಿತ್ತು. ಬಿಲ್ಲೆ ಗೆರೆ ದಾಟಿತೇ ಎಂಬ ಒಂದು ಪ್ರಶ್ನೆಯ ಮಟ್ಟಿಗೆ ಆ ಭಾವನೆ ಸರಿಯಾಯಿತು. ಆದರೆ ವಿಡಿಯೊ ಪರಿಶೀಲನೆಯನ್ನು ಇತರ ನಿಯಮಗಳಿಗೆ ವಿಸ್ತರಿಸಿದಾಗ ಬೇರೊಂದು ತೊಡಕು ಮೇಲೆದ್ದಿತು. ೧೯೯೦ರ ದಶಕದ ಕೊನೆಯಲ್ಲಿ, ಬಿಲ್ಲೆಗಿಂತ ಮೊದಲು ಆಕ್ರಮಣಕಾರನ ಕಾಲು ಗೋಲಿನ ಮುಂದಿನ ನೀಲಿ ಆವರಣದೊಳಗಿದ್ದರೆ ಗೋಲು ಅಸಿಂಧು ಎಂಬ ನಿಯಮವನ್ನು ಲೀಗು ಕಟ್ಟುನಿಟ್ಟಾಗಿ ನಡೆಸುತ್ತಿತ್ತು. ಋತುವಿನುದ್ದಕ್ಕೂ ಅನೇಕ ಗೋಲುಗಳು ಇದರಿಂದ ರದ್ದಾದುವು. ೧೯೯೯ರ ಜೂನಿನಲ್ಲಿ ಸ್ಟ್ಯಾನ್ಲಿ ಕಪ್ಪಿನ ಅಂತಿಮ ಸರಣಿಯ ಆರನೆಯ ಪಂದ್ಯದ ಮೂರನೆಯ ಹೆಚ್ಚುವರಿ ಅವಧಿಯಲ್ಲಿ ಡಲ್ಲಾಸ್ ತಂಡದ ಬ್ರೆಟ್ ಹಲ್ ಹೊಡೆದ ಗೋಲು ಕಪ್ಪನ್ನು ನಿರ್ಣಯಿಸಿತು. ಅವರ ಎಡಗಾಲು ಆವರಣದೊಳಗಿತ್ತು. ಬಿಲ್ಲೆ ಅವರ ಹತೋಟಿಯಲ್ಲಿಯೇ ಇದ್ದುದರಿಂದ ಗೋಲು ಸಿಂಧುವೆಂದು ಲೀಗು ವಿವರಣೆ ನೀಡಿತು. ಎದುರಾಳಿಯಾದ ಬಫೆಲೊ ನಗರದವರು ಇಂದಿಗೂ ಅದನ್ನು ಒಪ್ಪಿಲ್ಲ. ಮುಂದಿನ ಋತುವಿನ ಹೊತ್ತಿಗೆ ಆ ನಿಯಮವನ್ನೇ ಸಡಿಲಿಸಲಾಯಿತು. ಲೀಗಿನ ವಿವರಣೆ ತರ್ಕಬದ್ಧವೇ ಇರಬಹುದು. ಆದರೆ ಸಾಮಾನ್ಯ ಪಂದ್ಯಗಳಲ್ಲಿ ಅಕ್ಷರಶಃ ಓದಿದ ನಿಯಮವನ್ನು ಅತ್ಯಂತ ಬೆಲೆಯುಳ್ಳ ಪಂದ್ಯದಲ್ಲಿ ಉದಾರವಾಗಿ ಓದಿದಂತೆ ಕಂಡದ್ದೇ ಅಸಮಾಧಾನದ ಮೂಲ.

೨೦೧೫–೧೬ರಿಂದ ಆಫ್‌ಸೈಡ್ ಮತ್ತು ಗೋಲ್‌ಕೀಪರನಿಗೆ ಅಡಚಣೆಯ ಪ್ರಸಂಗಗಳಲ್ಲಿ ತೀರ್ಪನ್ನು ಪ್ರಶ್ನಿಸುವ ಹಕ್ಕು ತರಬೇತುದಾರರಿಗೆ ದೊರೆಯಿತು. ಸ್ಕೇಟಿನ ಅಲಗು ನೀಲಿಗೆರೆಯಿಂದ ಕೂದಲೆಳೆಯಷ್ಟು ಮೇಲೆದ್ದಿತ್ತೆಂಬುದನ್ನು ಚಿತ್ರ ನಿಲ್ಲಿಸಿ ನೋಡಿ ಒಳ್ಳೆಯ ಗೋಲುಗಳನ್ನು ಅಳಿಸಲಾಯಿತು. ಆಫ್‌ಸೈಡ್ ನಿಯಮ ಹುಟ್ಟಿದ್ದು ಗೋಲಿನ ಮುಂದೆ ಕಾದುನಿಲ್ಲುವವರನ್ನು ತಡೆಯಲು ಎಂಬುದನ್ನು ನೆನೆದರೆ, ಇದರಲ್ಲಿ ಅಕ್ಷರ ಗೆದ್ದು ಉದ್ದೇಶ ಸೋತದ್ದು ಸ್ಪಷ್ಟ. ಕಾಲು ಗಾಳಿಯಲ್ಲಿದ್ದರೂ ಗೆರೆಯ ಮೇಲ್ಭಾಗದಲ್ಲಿದ್ದರೆ ಸಾಕೆಂದು ೨೦೨೦ರಲ್ಲಿ ನಿಯಮವನ್ನು ತಿದ್ದಲಾಯಿತು. ನಿರಾಧಾರವಾದ ಪ್ರಶ್ನೆಗೆ ಎರಡು ನಿಮಿಷದ ದಂಡವನ್ನೂ ಗೊತ್ತುಮಾಡಲಾಗಿದೆ. ಇವೆರಡೂ ಸ್ವಾಗತಾರ್ಹ. ಅಡಚಣೆಯ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ, ಏಕೆಂದರೆ ಅದು ಅಳತೆಯ ಪ್ರಶ್ನೆಯಲ್ಲ, ಅಭಿಪ್ರಾಯದ ಪ್ರಶ್ನೆ. ೨೦೧೯ರ ಏಪ್ರಿಲ್ ೧೪ರಂದು ಫಿನ್ಲೆಂಡಿನ ಎಸ್ಪೊ ನಗರದಲ್ಲಿ ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯ ನಡೆದಾಗ, ಹೆಚ್ಚುವರಿ ಅವಧಿಯಲ್ಲಿ ಆತಿಥೇಯರು ಗೋಲು ಗಳಿಸಿ ವಿಜಯೋತ್ಸವವನ್ನೇ ಆರಂಭಿಸಿದ್ದರು. ದೀರ್ಘ ಪರಿಶೀಲನೆಯ ತರುವಾಯ ಗೋಲ್‌ಕೀಪರಿಗೆ ಅಡಚಣೆಯಾಯಿತೆಂದು ಗೋಲು ರದ್ದಾಯಿತು. ಶೂಟೌಟಿನಲ್ಲಿ ಅಮೆರಿಕ ಗೆದ್ದಿತು. ತೀರ್ಪು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಯಂತ್ರವು ಚಿತ್ರವನ್ನು ಒದಗಿಸಬಲ್ಲುದಲ್ಲದೆ ವಿವೇಚನೆಯನ್ನು ಒದಗಿಸಲಾರದೆಂಬುದಷ್ಟೇ ನಮಗೆ ಮುಖ್ಯ.

೬

ಮೂರನೆಯ ಪ್ರಕರಣ, ಅಂಕಗಳು ಸಮನಾದಾಗ ಏನು ಮಾಡಬೇಕೆಂಬುದು. ಇಲ್ಲಿ ನ್ಯಾಯದೊಡನೆ ಅನುಕೂಲವೂ ಸೇರಿಕೊಂಡಿದೆ. ೧೯೩೬ರ ಮಾರ್ಚ್ ೨೪ರ ರಾತ್ರಿ ಡೆಟ್ರಾಯಿಟ್ ಮತ್ತು ಮಾಂಟ್ರಿಯಲ್ ಮರೂನ್ಸ್ ತಂಡಗಳ ಪ್ಲೇಆಫ್ ಪಂದ್ಯವು ಗೋಲಿಲ್ಲದೆ ಮುಂದುವರಿದು ಆರನೆಯ ಹೆಚ್ಚುವರಿ ಅವಧಿಯಲ್ಲಿ, ಬೆಳಗಿನ ಜಾವದಲ್ಲಿ, ಒಂದೇ ಗೋಲಿನಿಂದ ತೀರ್ಮಾನವಾಯಿತು. ಅಷ್ಟರಲ್ಲಿ ಮಾಮೂಲು ಅರವತ್ತು ನಿಮಿಷಗಳ ಮೇಲೆ ೧೧೬ ನಿಮಿಷ ೩೦ ಸೆಕೆಂಡು ಆಡಿದ್ದರು. ಲೀಗಿನ ಸಾಮಾನ್ಯ ಪಂದ್ಯಗಳಲ್ಲಿದ್ದ ಹೆಚ್ಚುವರಿ ಅವಧಿಯನ್ನು ೧೯೪೨ರ ನವೆಂಬರಿನಲ್ಲಿ ಕೈಬಿಡಲಾಯಿತು. ಯುದ್ಧಕಾಲದ ರೈಲುಗಳ ವೇಳಾಪಟ್ಟಿ ತಂಡಗಳಿಗಾಗಿ ಕಾಯುವಂತಿರಲಿಲ್ಲ. ಆ ಬಳಿಕ ನಾಲ್ಕು ದಶಕಗಳ ಕಾಲ ಸಮಬಲವು ಸಮಬಲವಾಗಿಯೇ ಉಳಿದು ಎರಡು ತಂಡಗಳೂ ಒಂದೊಂದು ಅಂಕ ಹಂಚಿಕೊಂಡುವು. ೧೯೮೩–೮೪ರಲ್ಲಿ ಐದು ನಿಮಿಷದ ಹೆಚ್ಚುವರಿ ಅವಧಿ ಮರಳಿತು. ೨೦೦೫–೦೬ರಲ್ಲಿ ಶೂಟೌಟ್ ಬಂದಿತು. ೨೦೧೫–೧೬ರಿಂದ ಹೆಚ್ಚುವರಿ ಅವಧಿಯಲ್ಲಿ ಗೋಲ್‌ಕೀಪರಲ್ಲದೆ ಮೂವರು ಮಾತ್ರ ಆಡತೊಡಗಿದರು.

ಶೂಟೌಟ್ ಎಂದರೆ ಒಬ್ಬೊಬ್ಬ ಆಟಗಾರನು ಬಿಲ್ಲೆಯೊಡನೆ ಏಕಾಂಗಿಯಾಗಿ ಗೋಲ್‌ಕೀಪರನನ್ನು ಎದುರಿಸುವುದು. ಅದರ ಸೊಗಸನ್ನು ಅಲ್ಲಗಳೆಯಲಾಗದು. ೧೯೯೪ರಲ್ಲ ಲಿಲ್ಲೆಹ್ಯಾಮರ್ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ಸ್ವೀಡನ್ನಿನ ಪೀಟರ್ ಫೋರ್ಸ್‌ಬರ್ಗ್ ಕೆನಡಾದ ವಿರುದ್ಧ ಹೊಡೆದ ಗೋಲನ್ನು ಆ ದೇಶ ಅಂಚೆಚೀಟಿಯಲ್ಲಿ ಅಚ್ಚುಹಾಕಿಸಿತು. ಆದರೆ ಅದು ಹಾಕಿಯ ಒಂದು ಭಾಗವೇ ಹೊರತು ಹಾಕಿಯಲ್ಲ. ದಾಟಿಸುವಿಕೆ, ರಕ್ಷಣೆ, ಸಂಘಟನೆ ಇವಾವುವೂ ಅದರಲ್ಲಿಲ್ಲ. ೧೯೯೮ರ ನಾಗಾನೊ ಒಲಿಂಪಿಕ್ಸಿನ ಉಪಾಂತ್ಯದಲ್ಲಿ ಜೆಕ್ ತಂಡದ ಡೊಮಿನಿಕ್ ಹಾಶೆಕ್ ಕೆನಡಾದ ಐವರನ್ನೂ ತಡೆದರು. ಆ ಐವರ ಪಟ್ಟಿಯಲ್ಲಿ ವೇಯ್ನ್ ಗ್ರೆಟ್ಸ್ಕಿಯ ಹೆಸರಿರಲಿಲ್ಲ. ಸಹಆಟಗಾರರಿಗೆ ಬಿಲ್ಲೆ ಒದಗಿಸುವುದರಲ್ಲಿ ಅದ್ವಿತೀಯನೆನಿಸಿದವನ ಆ ವಿದ್ಯೆಗೆ ಶೂಟೌಟಿನಲ್ಲಿ ಎಡೆಯೇ ಇಲ್ಲವಷ್ಟೆ.

ಲೀಗಿನ ನಡತೆಯೇ ಇದಕ್ಕೆ ಸಾಕ್ಷಿ. ಸ್ಟ್ಯಾನ್ಲಿ ಕಪ್ಪಿನ ಪ್ಲೇಆಫ್ ಪಂದ್ಯಗಳಲ್ಲಿ ಅದು ಶೂಟೌಟನ್ನು ಬಳಸುವುದಿಲ್ಲ. ಪೂರ್ಣ ತಂಡಗಳೇ ಗೋಲು ಆಗುವವರೆಗೆ ಆಡುತ್ತವೆ. ಬೆಲೆಯುಳ್ಳ ಪಂದ್ಯಕ್ಕೆ ತಕ್ಕುದಲ್ಲವೆಂದು ತಾನೇ ಒಪ್ಪಿದ ಮಾನದಂಡವನ್ನು ಪ್ಲೇಆಫಿಗೆ ಯಾರು ಅರ್ಹರೆಂಬುದನ್ನು ನಿಶ್ಚಯಿಸುವ ಸಾಮಾನ್ಯ ಪಂದ್ಯಗಳಿಗೆ ಉಪಯೋಗಿಸುವುದು ಅಸಂಗತ. ಅಂತರರಾಷ್ಟ್ರೀಯ ಒಕ್ಕೂಟವು ಚಿನ್ನದ ಪದಕದ ಪಂದ್ಯಗಳಲ್ಲಿ ಶೂಟೌಟನ್ನು ಕೈಬಿಟ್ಟಿದೆ. ೨೦೨೧ರಲ್ಲಿ ಕ್ಯಾಲ್ಗರಿಯ ಮಹಿಳಾ ಅಂತಿಮ ಪಂದ್ಯ ಹೆಚ್ಚುವರಿ ಅವಧಿಯ ಗೋಲಿನಿಂದಲೇ ಮುಗಿಯಿತು. ಆದರೂ ಮೂವರ ಆಟವು ಪೂರ್ಣ ಆಟವಲ್ಲವೆಂಬ ಆಕ್ಷೇಪಣೆ ಉಳಿದೇ ಇದೆ.

ಅಂಕಗಳ ಹಂಚಿಕೆಯಲ್ಲಿರುವ ದೋಷ ಇನ್ನೂ ಸೂಕ್ಷ್ಮವಾದುದು. ೧೯೯೯–೨೦೦೦ದಿಂದ ಲೀಗಿನಲ್ಲಿ ಹೆಚ್ಚುವರಿ ಅವಧಿಯಲ್ಲಿ ಸೋತವರಿಗೂ ಒಂದು ಅಂಕವುಂಟು. ಗೆದ್ದವರಿಗೆ ಯಾವಾಗಲೂ ಎರಡು. ಆದಕಾರಣ ಅರವತ್ತು ನಿಮಿಷಗಳಲ್ಲಿ ಮುಗಿದ ಪಂದ್ಯದಲ್ಲಿ ಒಟ್ಟು ಎರಡು ಅಂಕ, ಮುಂದುವರಿದ ಪಂದ್ಯದಲ್ಲಿ ಮೂರು ಅಂಕ ಹಂಚಿಕೆಯಾಗುತ್ತದೆ. ಕೊನೆಯ ನಿಮಿಷಗಳಲ್ಲಿ ಅಂಕ ಸಮನಾಗಿರುವ ಎರಡು ತಂಡಗಳು ಸಾಹಸಕ್ಕಿಳಿಯದೆ ಹೊತ್ತು ಕಳೆದರೆ ಇಬ್ಬರಿಗೂ ಲಾಭ. ನಷ್ಟವಾಗುವುದು ಅಂಗಳದಲ್ಲಿಲ್ಲದ ಮೂರನೆಯ ತಂಡಕ್ಕೆ. ಯಾರೂ ನಿಯಮ ಮುರಿಯದೆ ಅನ್ಯಾಯ ನಡೆಯುವ ಪರಿ ಇದು. ಮಾಮೂಲು ಸಮಯದಲ್ಲಿ ಗೆದ್ದವರಿಗೆ ಮೂರು, ಹೆಚ್ಚುವರಿ ಅವಧಿಯಲ್ಲಿ ಗೆದ್ದವರಿಗೆ ಎರಡು, ಅಲ್ಲಿ ಸೋತವರಿಗೆ ಒಂದು ಎಂಬ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಒಟ್ಟು ಮೊತ್ತ ಸದಾ ಮೂರೇ. ಮಹಿಳೆಯರ ವೃತ್ತಿಪರ ಲೀಗೂ ಇದನ್ನೇ ಅನುಸರಿಸಿದೆ. ಇದು ಪರಿಪೂರ್ಣವೆನ್ನಲಾಗದಿದ್ದರೂ ಮೇಲಿನ ದೋಷದಿಂದ ಮುಕ್ತವಾಗಿದೆ.

೭

ಮೇಲಿನ ಪರಿಶೀಲನೆಯಿಂದ ಹೊರಡುವ ನಿರ್ಣಯಗಳನ್ನು ಒಟ್ಟುಗೂಡಿಸಬಹುದು. ಒಂದನೆಯದಾಗಿ, ಐಸ್ ಹಾಕಿಯ ಸಂಹಿತೆ ಬರಹದಲ್ಲಿ ಬಡವಲ್ಲ. ಒಂದೂವರೆ ಶತಮಾನದ ಅನುಭವ ಅದರಲ್ಲಿ ಸಂಗ್ರಹವಾಗಿದೆ. ಎರಡನೆಯದಾಗಿ, ಬರೆದ ನಿಯಮವನ್ನು ಸಮಯಾನುಸಾರ ಹಗುರಗೊಳಿಸುವ ರೂಢಿಯು ಅದರ ನ್ಯಾಯವನ್ನು ಒಳಗಿನಿಂದ ಕೊರೆಯುತ್ತಿದೆ. ಈ ರೂಢಿ ಖಾಸಗಿ ಪ್ರತೀಕಾರಕ್ಕೂ ಸೋತವರ ಅಪನಂಬಿಕೆಗೂ ಎಡೆಮಾಡಿಕೊಟ್ಟಿದೆ. ಮೂರನೆಯದಾಗಿ, ಅಳತೆಯ ಪ್ರಶ್ನೆಗಳಲ್ಲಿ ಯಂತ್ರದ ನೆರವು ಉಪಯುಕ್ತ. ಅಭಿಪ್ರಾಯದ ಪ್ರಶ್ನೆಗಳಲ್ಲಿ ಅದರಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು. ನಾಲ್ಕನೆಯದಾಗಿ, ಪಂದ್ಯವನ್ನು ಆ ಆಟದಿಂದಲೇ ನಿರ್ಣಯಿಸುವುದು ಸಾಧ್ಯವಿರುವಷ್ಟು ಕಾಲ ಬೇರೆ ಸಾಧನಗಳಿಗೆ ಕೈಚಾಚುವುದು ಸರಿಯಲ್ಲ. ಕೈಚಾಚಲೇಬೇಕಾದಲ್ಲಿ ಅಂಕಗಳ ಮೊತ್ತವಾದರೂ ಎಲ್ಲ ಪಂದ್ಯಗಳಿಗೂ ಒಂದೇ ಆಗಿರತಕ್ಕದ್ದು.

ತೀರ್ಪುಗಾರರು ಮನುಷ್ಯರೇ, ಅವರಿಂದ ಪ್ರಮಾದಗಳು ಆಗಿಯೇ ತೀರುವುವು ಎಂಬ ಮಾತನ್ನು ಯಾರೂ ನಿರಾಕರಿಸರು. ಪ್ರಮಾದವನ್ನು ಸೋತ ತಂಡ ಸಹಿಸೀತು. ಎರಡು ಪಕ್ಷಗಳ ಮೇಲೂ ಅದು ಇಂದಲ್ಲ ನಾಳೆ ಬೀಳುವಂಥದು. ಮೊದಲ ಅವಧಿಯಲ್ಲಿ ಎರಡು ನಿಮಿಷದ ದಂಡಕ್ಕೆ ಅರ್ಹವಾದ ಕೃತ್ಯವು ಅಂತಿಮ ಪಂದ್ಯದ ಕೊನೆಯ ನಿಮಿಷದಲ್ಲಿ ಬೇಕೆಂದೇ ಅಲಕ್ಷಿತವಾದಾಗ ಮಾತ್ರ ಅದು ಸಹಿಸಲಾರದು, ಸಹಿಸಬೇಕಾಗಿಯೂ ಇಲ್ಲ. ಲೀಗುಗಳು ೨೦೦೫ರಲ್ಲಿ ತೋರಿದ ಸಂಕಲ್ಪವನ್ನು ಪ್ಲೇಆಫಿನ ಕೊನೆಯ ರಾತ್ರಿಯವರೆಗೂ ಉಳಿಸಿಕೊಳ್ಳುವುದಾದರೆ, ನಿಯಮಗ್ರಂಥಕ್ಕೆ ಹೊಸ ಪುಟಗಳನ್ನು ಸೇರಿಸುವ ಅಗತ್ಯ ಬಹುಮಟ್ಟಿಗೆ ಕಡಮೆಯಾಗುವುದೆಂದು ನಮ್ಮ ಅಭಿಪ್ರಾಯ.